‘ಆಗಲ್ಲ’ ಅನ್ನಬಾರದ ಗಂಡಸರು

ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳ ಬರಲು ಶುರುವಾದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಹಮಾಲರ ಪಕ್ಕ ಕುಂತರೆ ಒಂದಲ್ಲ ಒಂದು ಕಥೆ ಕಿವಿಗೆ ಬೀಳುತ್ತದೆ. ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತಿ ಒಬ್ಬನೇ ಅರ್ಧ ಲಾರಿ ತುಂಬಿದ್ದು ಒಬ್ಬರ ಕಥೆ. ಅಂಗಾಲಿಗೆ ಮೊಳೆ ಹೊಕ್ಕರೂ ಹೆಗಲ ಮೇಲಿನ ಟವಲ್ಲನ್ನೇ ಹರಿದು ಕಟ್ಟಿಕೊಂಡು ಲೋಡು ಮುಗಿಸಿದ್ದು ಇನ್ನೊಬ್ಬರದು. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬಂದವರಾದರೆ, ಬೇಸಿಗೆಯಲ್ಲಿ ಒಲೆಯ ಮುಂದೆ ನಿಂತು ಕಣ್ಣು ಕತ್ತಲೆ ಬಂದು ಬಿದ್ದವನು ಮುಖಕ್ಕೆ ನೀರು ಚಿಮುಕಿಸಿಕೊಂಡು ಮತ್ತೆ ಒಲೆಗೆ ಹೊಟ್ಟು ಹಾಕಿದ ಕಥೆ ಹೇಳುತ್ತಾರೆ. ಎಲ್ಲ ಮುಗಿದ ಮೇಲೆ ಯಾರಾದರೂ ಹಿರಿಯರು ಹುಡುಗರ ಕಡೆ ತಿರುಗಿ, ‘ಆವಾಗಿನ ಗಂಡಸ್ರು ಹಂಗಿದ್ರಲೇ, ನೀವು ಎರಡು ಚೀಲಕ್ಕೇ ಕುಂದರ್ತೀರಿ’ ಅನ್ನುತ್ತಾರೆ.

ಈ ಕಥೆಗಳನ್ನು ಕೇಳುತ್ತಲೇ ಬೆಳೆದವನು ನಾನು. ಇವು ಬಡಾಯಿ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆನ್ನು ಬಾಗಿಸಿ ಮನೆ ನಡೆಸಿದವನಿಗೆ ತನ್ನ ದುಡಿಮೆಯ ಬಗ್ಗೆ ಹೆಮ್ಮೆಪಡಲು ಇರುವ ಆಸ್ತಿ ಅದೊಂದೇ. ಆದರೆ ಈ ಕಥೆಗಳಲ್ಲಿ ಒಂದು ಕೊರತೆ ಇದೆ, ಅದನ್ನು ಗಮನಿಸಬೇಕು. ಇವೆಲ್ಲ ಗೆದ್ದವರ ಕಥೆಗಳು. ಅದೇ ಹಲಗೆಯ ಮೇಲೆ ಕಾಲು ಜಾರಿ ಸೊಂಟ ಹಿಡಿದು ಮನೆ ಸೇರಿದವನು ಮತ್ತೆ ಪ್ರಾಂಗಣಕ್ಕೆ ಬರುವುದಿಲ್ಲ. ಬಂದರೂ ಗುಂಪಿನಲ್ಲಿ ಕೂತು ತನ್ನ ಕಥೆ ಹೇಳುವುದಿಲ್ಲ. ಹಾಗಾಗಿ ಪ್ರಾಂಗಣಕ್ಕೆ ಹೊಸದಾಗಿ ಬಂದ ಹದಿನೆಂಟರ ಹುಡುಗ ಕೇಳಿಸಿಕೊಳ್ಳುವುದು ಮೈ ತಡೆದುಕೊಂಡ ಕಥೆಗಳನ್ನು ಮಾತ್ರ. ಮೈ ತಡೆದುಕೊಳ್ಳದೆ ಹೋದದ್ದು ಅವನಿಗೆ ಗೊತ್ತಾಗುವುದು ತನ್ನ ಮೈಯಲ್ಲೇ.

ಗಂಡಸರು ನೋವು ಹೇಳಿಕೊಳ್ಳುವುದಿಲ್ಲ ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಬೆಳೆಸಿದ ರೀತಿಯದು. ಬಿದ್ದು ಮಂಡಿ ತರಚಿಕೊಂಡ ಐದು ವರ್ಷದ ಹುಡುಗನಿಗೆ ‘ಗಂಡ್ಸಾಗಿ ಹಿಂಗ್ ಅಳ್ತಿಯಲ್ಲೋ’ ಎನ್ನುತ್ತೇವೆ, ಸೋತು ಬಂದವನಿಗೆ ‘ಬಳೆ ತೊಟ್ಕೊ’ ಎನ್ನುತ್ತೇವೆ, ಹಾಗಾಗಿ ಅವನು ದೊಡ್ಡವನಾದ ಮೇಲೂ ಬಾಯಿ ಬಿಡುವುದಿಲ್ಲ ಎಂಬ ವಿವರಣೆ. ಅದು ನಿಜ. ಆದರೆ ನಮ್ಮ ಜಿಲ್ಲೆಗಳ ಮಟ್ಟಿಗೆ ಅದು ಅರ್ಧ ನಿಜ ಅಂತ ನನಗೆ ಅನ್ನಿಸುತ್ತದೆ. ಉಳಿದ ಅರ್ಧ ಇರುವುದು ಕೂಲಿಯಲ್ಲಿ. ಯಾವ ಕೆಲಸದಲ್ಲಿ ಕಾಯಿಲೆ ಬಿದ್ದರೆ ಆ ದಿನದ ಅನ್ನಕ್ಕೆ ಕಲ್ಲು ಬೀಳುತ್ತದೋ ಆ ಕೆಲಸದಲ್ಲಿ ನೋವು ಮುಚ್ಚಿಡುವುದು ಗಂಡಸಿನ ಗುಣವೆಂದು ಹೆಸರಾಗುತ್ತದೆ.

ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಹತ್ತಿ ಗಿರಣಿಗಳ ಸೈರನ್ ಊರಿನ ಗಡಿಯಾರವಾಗಿತ್ತು. ನನ್ನ ಸೋದರಮಾವ ಮಿಲ್ಲಿನ ಕೆಲಸದವರು. ಹತ್ತಿಯ ಧೂಳಿಗೆ ಅವರಿಗೆ ಕೆಮ್ಮು ಹತ್ತಿಕೊಂಡಾಗ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ ರಜೆ ಬರೆಸಿಕೊಂಡು ಬರುತ್ತಿದ್ದರು. ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತವರನ್ನು ಓಣಿಯಲ್ಲಿ ಯಾರೂ ‘ಏನಲೇ, ಇಷ್ಟಕ್ಕೇ ಸುಸ್ತಾದ್ಯಾ’ ಎಂದು ಕೇಳಲಿಲ್ಲ. ಕೇಳಬೇಕಾದವರೆಲ್ಲ ಅದೇ ಮಿಲ್ಲಿನವರು, ಅವರ ಜೇಬಿನಲ್ಲೂ ಅಂಥದೇ ಚೀಟಿ ಇತ್ತು. ಅವರೇನು ಮೆತ್ತಗಿನ ಮನುಷ್ಯರಲ್ಲ. ಯೂನಿಯನ್ ಗಲಾಟೆಯಲ್ಲಿ ಲಾಠಿ ಏಟು ತಿಂದವರು. ಆದರೆ ಕಾಯಿಲೆಯಾದಾಗ ಮಲಗುವುದಕ್ಕೂ ಗಂಡಸ್ತನಕ್ಕೂ ಅವರ ಲೆಕ್ಕದಲ್ಲಿ ಸಂಬಂಧವೇ ಇರಲಿಲ್ಲ.

ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ. ಮಾಲೀಕರೂ ಕಾರ್ಮಿಕರೂ ಸಂಬಳದ ಒಂದು ಪಾಲು ಕಟ್ಟುತ್ತಾರೆ, ಕಾಯಿಲೆ ಬಿದ್ದಾಗ ಔಷಧದ ಜೊತೆಗೆ ಭತ್ಯೆಯೂ ಸಿಗುತ್ತದೆ. ಈಗಿನ ನಿಯಮದಂತೆ ಕೂಲಿಯ ಶೇ 70ರಷ್ಟು, ವರ್ಷಕ್ಕೆ ಗರಿಷ್ಠ 91 ದಿನ. ಈ ಒಂದು ಸಾಲು ಗಂಡಸರ ಮನಸ್ಸಿನ ಮೇಲೆ ಮಾಡುವ ಕೆಲಸವನ್ನು ಯಾವ ಉಪದೇಶವೂ ಮಾಡಲಾರದು. ಮಲಗಿದರೂ ಮನೆಯ ಒಲೆ ಉರಿಯುತ್ತದೆ ಎಂದು ಗೊತ್ತಿರುವವನು ಡಾಕ್ಟರ ಮುಂದೆ ನೋವನ್ನು ನೋವೆಂದೇ ಹೇಳುತ್ತಾನೆ.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿಂದ ಹೊರಬಿದ್ದವರೂ ಅವರ ಮಕ್ಕಳೂ ಹಮಾಲಿಗೆ, ಸೆಂಟ್ರಿಂಗ್ ಕೆಲಸಕ್ಕೆ, ಆಟೋ ಓಡಿಸಲು, ಭಟ್ಟಿಗೆ, ಗ್ಯಾರೇಜಿಗೆ ಚದುರಿಹೋದರು. ಆ ಮಾವನ ಮಗನೇ ಈಗ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಮೇಸ್ತ್ರಿ ಬೆಳಗ್ಗೆ ಸರ್ಕಲ್ಲಿನಲ್ಲಿ ನಿಂತ ಗುಂಪಿನಿಂದ ಆಳು ಆರಿಸಿಕೊಳ್ಳುತ್ತಾನೆ. ಯಾರನ್ನು ಆರಿಸುತ್ತಾನೆ? ಹೋದ ವಾರ ಮೂರನೇ ಮಹಡಿಗೆ ಸಿಮೆಂಟ್ ಹೊರುವಾಗ ‘ಆಗಲ್ಲ ಅಣ್ಣ’ ಅಂದವನನ್ನಲ್ಲ. ಮೊಳೆ ಹೊಕ್ಕರೂ ಕೆಲಸ ಮುಗಿಸಿದ ಎಂದು ಹೆಸರು ಮಾಡಿದವನನ್ನು. ಪ್ರಾಂಗಣದಲ್ಲಿ, ಸರ್ಕಲ್ಲಿನಲ್ಲಿ, ಚಹಾದ ಅಂಗಡಿಯಲ್ಲಿ ಗಂಡಸರು ಹೇಳಿಕೊಳ್ಳುವ ಗಟ್ಟಿತನದ ಕಥೆಗಳು ಒಂದು ರೀತಿಯಲ್ಲಿ ಅವರ ಕೆಲಸದ ಅರ್ಜಿಗಳು. ಓದಿದವನು ಅಂಕಪಟ್ಟಿ ತೋರಿಸುತ್ತಾನೆ, ಇವರು ತಮ್ಮ ಮೈ ತೋರಿಸುತ್ತಾರೆ. ಮಾವನ ಮಗನ ಭುಜದ ಕೀಲು ಸರಿಯಿಲ್ಲ. ರಾತ್ರಿ ಮಗ್ಗುಲಾಗಲು ಆಗುವುದಿಲ್ಲ ಎಂದು ನನ್ನ ಹತ್ತಿರ ಹೇಳಿದವನು ಮರುಕ್ಷಣವೇ ‘ಯಾರ ಮುಂದೂ ಹೇಳಬ್ಯಾಡಪ್ಪಾ, ಮೇಸ್ತ್ರಿ ಕಿವಿಗೆ ಬಿದ್ರೆ ಕರೆಯಲ್ಲ’ ಎಂದ. ಈ ಮಾತನ್ನು ಪುರುಷ ಅಹಂಕಾರ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅದು ಹೊಟ್ಟೆಪಾಡಿನ ಲೆಕ್ಕ.

ಹೊರೆಯ ವಿಷಯವನ್ನೇ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಂದು ಶಿಫಾರಸು ಮಾಡಿತು: ವಯಸ್ಕ ಗಂಡಸು ಕೈಯಾರೆ ಸಾಗಿಸುವ ಹೊರೆ ವಾಡಿಕೆಯಲ್ಲಿ 55 ಕೆ.ಜಿ. ಮೀರಬಾರದು, ಮೀರುತ್ತಿದ್ದರೆ ಅದನ್ನು ಬೇಗ ಇಳಿಸಬೇಕು. ನಮ್ಮಲ್ಲಿ ಸಿಮೆಂಟ್ 50 ಕೆ.ಜಿ. ಚೀಲದಲ್ಲಿ ಬರುತ್ತದೆ, ಪಡಿತರದ ಅಕ್ಕಿ ಕೂಡ ಕ್ವಿಂಟಲ್ ಚೀಲದಿಂದ 50 ಕೆ.ಜಿ.ಗೆ ಇಳಿಯಿತು. ಹಳೆಯ ಹಮಾಲರು ಹೇಳುವ ಕ್ವಿಂಟಲ್ ಚೀಲದ ಕಥೆ ಅಂದರೆ ಆ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು. ಅದನ್ನು ದಿನಕ್ಕೆ ಎಷ್ಟು ಸಲ ಹೊತ್ತರು, ಎಷ್ಟು ವರ್ಷ ಹೊತ್ತರು ಎಂದು ಯೋಚಿಸಿದರೆ ಐವತ್ತು ದಾಟಿದ ಹಮಾಲರ ನಡಿಗೆ ಏಕೆ ಹಾಗಾಗಿದೆ ಎಂದು ತಿಳಿಯುತ್ತದೆ. ಬೆನ್ನುಮೂಳೆಯ ನಡುವಿನ ಮೆತ್ತೆ ಸವೆದರೆ ಅದು ಗಂಡಸಿನದೋ ಹೆಂಗಸಿನದೋ, ಗಟ್ಟಿಗನದೋ ಪುಕ್ಕಲನದೋ ಎಂದು ನೋಡುವುದಿಲ್ಲ. ಮನಸ್ಸು ನೋವನ್ನು ಒಪ್ಪದಿದ್ದರೂ ನರ ಒತ್ತಿಕೊಂಡೇ ಇರುತ್ತದೆ, ಕಾಲು ಜೋಮು ಹಿಡಿಯುತ್ತದೆ. ಮಾತ್ರೆಯ ಅಂಗಡಿಯಲ್ಲಿ ‘ಮೈಕೈ ನೋವಿಗೆ ಕೊಡ್ರೀ’ ಅಂತ ದಿನಾ ಕೇಳಿ ನುಂಗುವ ನೋವಿನ ಗುಳಿಗೆಗಳು ವರ್ಷಗಟ್ಟಲೆ ನಡೆದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಇದೇ ಊರಿನಲ್ಲಿ ಗಟ್ಟಿತನವನ್ನು ಬೇರೆ ರೀತಿ ಕಲಿಸುವ ಜಾಗವೂ ಇದೆ. ದಾವಣಗೆರೆ ಗರಡಿ ಮನೆಗಳ ಊರು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಬಯಲು ಕುಸ್ತಿ ನೋಡಲು ಹಳ್ಳಿಹಳ್ಳಿಗಳಿಂದ ಜನ ಬರುತ್ತಾರೆ, ರಾಜ್ಯದ ಕ್ರೀಡಾ ಇಲಾಖೆಯ ಕುಸ್ತಿ ಕ್ರೀಡಾನಿಲಯವೂ ಇಲ್ಲಿದೆ. ಗರಡಿಯೆಂದರೆ ಬರೀ ತೋಳು ಬೆಳೆಸುವ ಜಾಗ ಎಂದು ಹೊರಗಿನವರು ತಿಳಿದಿದ್ದಾರೆ. ಒಳಗೆ ಹೋಗಿ ನೋಡಿದರೆ ಅಲ್ಲಿ ಆರೈಕೆಗೆ ಇರುವ ಜಾಗ ಕಣ್ಣಿಗೆ ಬೀಳುತ್ತದೆ. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಮಣ್ಣು ಹದ ಮಾಡುತ್ತಾರೆ, ಬಿದ್ದವನಿಗೆ ಗಾಯವಾಗಬಾರದು, ಗಾಯವಾದರೂ ಮಾಯಬೇಕು ಎಂದು. ಸಾಮು ಮುಗಿದ ಮೇಲೆ ಒಬ್ಬರ ಮೈಯನ್ನು ಒಬ್ಬರು ತಿಕ್ಕುತ್ತಾರೆ. ಹಾಲು, ಬಾದಾಮಿ, ನಿದ್ದೆ ಎಲ್ಲಕ್ಕೂ ಲೆಕ್ಕ ಇದೆ. ಕುತ್ತಿಗೆ ಉಳುಕಿದ ಹುಡುಗ ಹೇಳದೆ ಅಖಾಡಕ್ಕೆ ಇಳಿದರೆ ಉಸ್ತಾದರು ಬೈದು ಹೊರಗೆ ಕೂರಿಸುತ್ತಾರೆ. ಹೇಳಿದ್ದಕ್ಕೆ ಬೈಯುವುದಿಲ್ಲ, ಹೇಳದೆ ಮುಚ್ಚಿಟ್ಟದ್ದಕ್ಕೆ ಬೈಯುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಸೋಲು. ಗರಡಿಗೆ ಹೋದ ಹುಡುಗ ಮೊದಲ ವರ್ಷವೆಲ್ಲ ಚಿತ್ ಆಗುತ್ತಲೇ ಇರುತ್ತಾನೆ. ಎಲ್ಲರ ಕಣ್ಣೆದುರಿಗೆ ಬೆನ್ನು ಮಣ್ಣಿಗೆ ಹತ್ತುತ್ತದೆ. ಎದ್ದು ಮಣ್ಣು ಕೊಡವಿಕೊಂಡು, ಕೆಡವಿದವನಿಗೆ ಕೈ ಕೊಟ್ಟು, ಮರುದಿನ ಮತ್ತೆ ಬರುತ್ತಾನೆ. ಸೋತದ್ದಕ್ಕೆ ಗಂಡಸ್ತನ ಹೋಯಿತು ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಗೋಡೆಯ ಮೇಲೆ ಫೋಟೋ ಹಾಕಿಸಿಕೊಂಡ ದೊಡ್ಡ ಪೈಲ್ವಾನರೂ ಅದೇ ಮಣ್ಣಿನಲ್ಲಿ ಬೆನ್ನು ಹಚ್ಚಿದವರು. ಬಿದ್ದು ಏಳುವುದನ್ನು ಹತ್ತು ಜನರ ನಡುವೆ ಕಲಿತವನಿಗೂ, ಒಮ್ಮೆಯೂ ಬೀಳಬಾರದು ಎಂಬ ಹೆದರಿಕೆಯಲ್ಲೇ ದೊಡ್ಡವನಾದವನಿಗೂ ಬದುಕಿನ ಪೆಟ್ಟು ತಾಗುವ ರೀತಿಯೇ ಬೇರೆ. ವ್ಯಾಪಾರದಲ್ಲಿ ಮುಳುಗಿದ, ಪರೀಕ್ಷೆಯಲ್ಲಿ ಫೇಲಾದ, ಹುಡುಗಿ ಬೇಡವೆಂದ ದಿನ ಈ ಎರಡನೆಯವನ ಹತ್ತಿರ ಏಳುವ ಪಟ್ಟು ಒಂದೂ ಇರುವುದಿಲ್ಲ.

ಗರಡಿಯನ್ನು ಹೊಗಳುತ್ತಾ ಅದರ ಕತ್ತಲೆಯನ್ನು ಮುಚ್ಚುವುದು ಸರಿಯಲ್ಲ. ಬಹುಕಾಲ ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ವೀರ್ಯ ಹೋದರೆ ಬಲ ಹೋಯಿತು ಎಂಬ ನಂಬಿಕೆಯನ್ನು ತಲೆಮಾರುಗಳಿಗೆ ದಾಟಿಸಿದ್ದರಲ್ಲಿ ಗರಡಿಯ ಬ್ರಹ್ಮಚರ್ಯದ ಪಾಠಕ್ಕೂ ಪಾಲಿದೆ. ಆ ಭಯ ಇವತ್ತಿಗೂ ಹೋಗಿಲ್ಲ. ಸ್ವಪ್ನಸ್ಖಲನದಿಂದ ಸುಸ್ತು, ನರದೌರ್ಬಲ್ಯ, ಮರೆವು ಬಂತು ಎಂದು ನಂಬಿ ಕೊರಗುವ ಯುವಕರು ಎಷ್ಟು ಸಾಮಾನ್ಯವೆಂದರೆ, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಅಲ್ಲಿ ದೇಹದಲ್ಲಿ ಕಾಯಿಲೆ ಇರುವುದಿಲ್ಲ, ಆತಂಕವೂ ಖಿನ್ನತೆಯೂ ಇರುತ್ತವೆ. ಹೆದ್ದಾರಿಯ ಬದಿಯ ಗೋಡೆಗಳ ಮೇಲೆ ‘ಪುರುಷ ದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ, ಇಂಥ ದಿನ ಇಂಥ ಲಾಡ್ಜಿನಲ್ಲಿ ಭೇಟಿ’ ಎಂದು ಬರೆಸುವವರು ಬದುಕುತ್ತಿರುವುದು ಈ ಭಯದ ಮೇಲೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಗೋಡೆಗಳು ಮಾತ್ರ ಖಾಲಿಯಾಗಿಲ್ಲ. ಮೋಸ ಹೋದವನು ದೂರು ಕೊಡುವುದಿಲ್ಲ. ಹೇಗೆ ಕೊಟ್ಟಾನು, ಠಾಣೆಯಲ್ಲಿ ಏನೆಂದು ಹೇಳಿಯಾನು?

ಈಗಿನ ಹುಡುಗರು ಗರಡಿಗಿಂತ ಜಿಮ್ಮಿಗೆ ಹೋಗುತ್ತಾರೆ. ಹೋಗಲಿ, ಮೈ ಬೆಳೆಸಲಿ. ಆದರೆ ಹಲವು ಜಿಮ್ಮುಗಳಲ್ಲಿ ಕನ್ನಡಿ ಇದೆ, ಉಸ್ತಾದರಿಲ್ಲ. ಮೂರು ತಿಂಗಳಲ್ಲಿ ರೀಲ್ಸಿನ ಮೈ ಬೇಕು ಎಂದವನಿಗೆ ಯಾರೋ ಪುಡಿ ಕೊಡುತ್ತಾರೆ, ಆಮೇಲೆ ಸೂಜಿ ಕೊಡುತ್ತಾರೆ. ಹೊರಗಿನಿಂದ ಸ್ಟೆರಾಯ್ಡ್ ಹೋದರೆ ದೇಹ ತಾನು ಮಾಡುವ ಟೆಸ್ಟೋಸ್ಟೆರಾನ್ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತವೆ, ಹೃದಯದ ಗೋಡೆ ದಪ್ಪವಾಗುತ್ತದೆ. ಆಪರೇಷನ್ ವೇಳೆ ರಕ್ತದೊತ್ತಡ ಕುಸಿದರೆ ಏರಿಸಲು ಕೊಡುವ ಮೆಫೆಂಟರ್ಮಿನ್ ಎಂಬ ಚುಚ್ಚುಮದ್ದನ್ನು ಕಸರತ್ತಿನ ಹುರುಪಿಗೆ ಹಾಕಿಕೊಳ್ಳುವವರಿದ್ದಾರೆ. ಅಂಥವರ ಸುದ್ದಿ ದೇಶದ ಹಲವೆಡೆಯಿಂದ ಬಂದಿದೆ.

ಹೃದಯದ ಮಾತು ಬಂದಾಗ 2021ರ ಅಕ್ಟೋಬರ್ 29 ನೆನಪಾಗದ ಕನ್ನಡಿಗರಿಲ್ಲ. ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದರು. ಆ ದಿನಗಳಲ್ಲಿ ನಮ್ಮೂರಿನ ಆಸ್ಪತ್ರೆಗಳಲ್ಲೂ ಇಸಿಜಿಗೆ ಸಾಲು ನಿಂತಿತ್ತು, ಅದರಲ್ಲಿ ಎಂದೂ ಆಸ್ಪತ್ರೆಯ ಮೆಟ್ಟಿಲು ಹತ್ತದ ಗಂಡಸರಿದ್ದರು. ಮುಂದೆ ಪುನೀತ್ ಹೆಸರಿನಲ್ಲೇ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿತು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇಸಿಜಿ ಮಾಡಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸುವ ವ್ಯವಸ್ಥೆ. ಒಳ್ಳೆಯ ಯೋಜನೆ. ಆದರೆ ಆ ಔಷಧ ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನಮ್ಮ ಗಂಡಸರು ಆ ಗಂಟೆಗಳನ್ನು ಕಳೆಯುವುದು ‘ಗ್ಯಾಸ್ಟ್ರಿಕ್ ಇರ್ಬೇಕು, ಸೋಡಾ ತಗಂಬಾ’ ಎನ್ನುವುದರಲ್ಲಿ. ಎಡಗೈ ಸೆಳೆಯುತ್ತಿದ್ದರೂ ಬೆವರು ಕಿತ್ತು ಬರುತ್ತಿದ್ದರೂ ಹೆಂಡತಿ ‘ಆಸ್ಪತ್ರಿಗೆ ಹೋಗಣ ನಡೀರಿ’ ಅಂದರೆ ‘ಸುಮ್ನೆ ಯಾಕ್ ಹೆದರ್ತಿಯಾ’ ಎಂದು ಅವಳನ್ನೇ ಗದರುತ್ತಾರೆ. ಹೆದರಿದವಳು ಅವಳೆಂದು ಆಗಬೇಕು, ತಾನಲ್ಲ.

ಚಿತ್ರದುರ್ಗದ ಕಡೆ ಹೋದರೆ ಕಥೆಯ ಬಣ್ಣ ಬೇರೆ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಸೀಮೆಯ ಗಂಡಸ್ತನ ಹೊರೆಯಲ್ಲಿಲ್ಲ, ಸಾಲದಲ್ಲಿದೆ. ಶೇಂಗಾ, ಈರುಳ್ಳಿ ನಂಬಿದ ನೆಲ. ಮಳೆ ಕೈಕೊಟ್ಟರೆ ಬೋರ್‌ವೆಲ್, ಅದು ಕೈಕೊಟ್ಟರೆ ಇನ್ನೊಂದು. ಸಾವಿರ ಅಡಿ ಕೊರೆಸಿ ಬರೀ ಧೂಳು ಎದ್ದ ದಿನ ಆ ಲಾರಿಯ ಸುತ್ತ ನಿಂತ ಊರಿನವರ ಎದುರು ರೈತ ಮುಖದ ಮೇಲೆ ಏನನ್ನೂ ತೋರಿಸುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಸೋಲು ಒಬ್ಬನದಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಪ್ರತಿ ಮನೆಯ ಯಜಮಾನ ಅದನ್ನು ತನ್ನೊಬ್ಬನ ಸೋಲೆಂದೇ ಎದೆಯಲ್ಲಿಟ್ಟುಕೊಳ್ಳುತ್ತಾನೆ. ಕೈಸಾಲ ಎಷ್ಟು, ಸೊಸೈಟಿಯಲ್ಲಿ ಎಷ್ಟು, ಒಡವೆ ಯಾವ ಬ್ಯಾಂಕಿನಲ್ಲಿದೆ ಎಂಬುದು ಹೆಂಡತಿಗೆ ತಿಳಿದಿರುವುದಿಲ್ಲ. ತಿಳಿಸಬಾರದು, ತಿಳಿಸಿದರೆ ಅವಳು ನೊಂದುಕೊಳ್ಳುತ್ತಾಳೆ ಎಂಬುದು ಅವನ ಪ್ರೀತಿಯೂ ಹೌದು, ಅವನ ಮರ್ಯಾದೆಯೂ ಹೌದು. ಅವನು ಜೀವ ತೆಗೆದುಕೊಂಡ ಮೇಲೆ ಸಾಲದವರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದಾಗ ಅವಳಿಗೆ ಎಲ್ಲ ತಿಳಿಯುತ್ತದೆ. ರೈತ ಆತ್ಮಹತ್ಯೆಗೆ ಸರ್ಕಾರ ಕೊಡುವ 5 ಲಕ್ಷ ರೂಪಾಯಿ ಪರಿಹಾರಕ್ಕೆ ಅರ್ಜಿ ಬರೆಯಲು ಕೂತವಳು ಅದೇ ಮೊದಲ ಸಲ ಗಂಡನ ಸಾಲದ ಪಟ್ಟಿ ಮಾಡುತ್ತಾಳೆ.

ಅಂಕಿಗಳು ಕಠೋರವಾಗಿವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು, ಅಂದರೆ ನೂರಕ್ಕೆ ಸುಮಾರು 72. ಕರ್ನಾಟಕದ ಸಂಖ್ಯೆ 13,606. ವೃತ್ತಿವಾರು ನೋಡಿದರೆ ಅತಿ ದೊಡ್ಡ ಗುಂಪು ದಿನಗೂಲಿಯವರದು, ಒಟ್ಟು ಸಾವುಗಳ ನಾಲ್ಕನೇ ಒಂದಕ್ಕಿಂತ ಹೆಚ್ಚು. ರಜೆಯಿಲ್ಲದ ದುಡಿಮೆಯ ಬಗ್ಗೆ ಇಷ್ಟು ಹೊತ್ತು ಹೇಳಿದ್ದು ಈ ಸಾಲಿಗಾಗಿ. ಸಾವಿಗೆ ಕಾರಣ ಎಂದೂ ಒಂದೇ ಇರುವುದಿಲ್ಲ, ಕೂಲಿಯೊಂದೇ ಕಾರಣ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೌಟುಂಬಿಕ ಸಮಸ್ಯೆ, ಕಾಯಿಲೆ, ಕುಡಿತ ಎಲ್ಲ ಆ ಪಟ್ಟಿಯಲ್ಲಿವೆ. ಆದರೆ ಈ ಪ್ರತಿ ಕಾರಣದ ಮುಂದೆಯೂ ಬಾಯಿ ಬಿಡದ ಒಬ್ಬ ಮನುಷ್ಯ ನಿಂತಿದ್ದಾನೆ. ಗಂಡಸರಲ್ಲಿ ಖಿನ್ನತೆ ಬಹಳ ಸಲ ಅಳುವಾಗಿ ಕಾಣಿಸುವುದಿಲ್ಲ. ಸಿಡುಕಾಗಿ, ಕುಡಿತವಾಗಿ, ನಿದ್ದೆಗೇಡಾಗಿ, ಡಾಕ್ಟರಿಗೂ ಪತ್ತೆಯಾಗದ ಮೈಕೈ ನೋವಾಗಿ ಕಾಣಿಸುತ್ತದೆ. ಮನೆಯವರು ‘ಯಾಕೋ ಈಚೆಗೆ ಭಾಳ ಸಿಟ್ಟು ಮಾಡ್ತಾನೆ’ ಅಂದುಕೊಂಡು ಸುಮ್ಮನಾಗುತ್ತಾರೆ.

ಗಂಡುಮೆಟ್ಟಿದ ನಾಡು ಎಂದು ಕರೆಸಿಕೊಳ್ಳುವ ಚಿತ್ರದುರ್ಗದಲ್ಲಿ ಎಲ್ಲರೂ ಹೇಳುವ ಶೌರ್ಯದ ಕಥೆ ಒಬ್ಬ ಹೆಂಗಸಿನದು. ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳುವಾಗ ಓಬವ್ವ ಒನಕೆ ಎತ್ತಿದಳು. ಆ ಕಥೆಯಲ್ಲಿ ಅವಳ ಗಂಡನನ್ನು ನಾವು ಮರೆತುಬಿಡುತ್ತೇವೆ. ಮುದ್ದಹನುಮ ಕಾವಲಿನವನು, ಕಹಳೆಯವನು. ಆಪತ್ತು ಕಂಡರೆ ಒಬ್ಬನೇ ನುಗ್ಗಿ ಸಾಯುವುದು ಅವನ ಕೆಲಸವಾಗಿರಲಿಲ್ಲ, ಕಹಳೆ ಊದಿ ಉಳಿದವರನ್ನು ಕರೆಯುವುದಾಗಿತ್ತು. ಏಳು ಸುತ್ತಿನ ಕೋಟೆ ನಿಂತದ್ದು ಅಂಥ ಕಾವಲಿನವರನ್ನು ನಂಬಿ. ಸಹಾಯಕ್ಕೆ ಕೂಗಿದವನನ್ನು ಹೇಡಿ ಎನ್ನುವ ಲೆಕ್ಕ ಆ ಕೋಟೆಯಲ್ಲಿದ್ದಿದ್ದರೆ 1779ರವರೆಗೂ ಅದು ಉಳಿಯುತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಗಂಡಸಿನ ನೋವಿನ ಬಗ್ಗೆ ಬರೆಯುವವರು ಬೇಗ ಜಾರುವ ಜಾಗ ಇದು: ಪಾಪ, ಹೇಳಿಕೊಳ್ಳಲು ಆಗದೆ ಒಳಗೊಳಗೇ ಬೆಂದು ಮನೆಯಲ್ಲಿ ಕೈ ಎತ್ತುತ್ತಾನೆ ಎನ್ನುವುದು. ನಾನು ಇದನ್ನು ಒಪ್ಪುವುದಿಲ್ಲ. ಕೂಲಿ ಹಿಡಿದ ಮೇಸ್ತ್ರಿಯ ಮೇಲೆ, ಬಡ್ಡಿ ಏರಿಸಿದ ಸಾಹುಕಾರನ ಮೇಲೆ ಅವನ ಕೈ ಏಳುವುದಿಲ್ಲ. ಅಲ್ಲೆಲ್ಲ ಅವನು ಸಿಟ್ಟು ಹಿಡಿದಿಟ್ಟುಕೊಳ್ಳಬಲ್ಲ. ಮನೆಯಲ್ಲಿ ಹಿಡಿದಿಟ್ಟುಕೊಳ್ಳದಿರುವುದು ಆಗದ್ದಕ್ಕಲ್ಲ, ಅಲ್ಲಿ ಕೇಳುವವರಿಲ್ಲ ಎಂದು ಗೊತ್ತಿರುವುದಕ್ಕೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಕರ್ನಾಟಕದ ಶೇ 81.9ರಷ್ಟು ಗಂಡಸರು ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಹೊಡೆಯುವುದು ಸರಿ ಎಂದರು. ಹೆಂಗಸರಲ್ಲೂ ಶೇ 76.9ರಷ್ಟು ಮಂದಿ ಹಾಗೆಂದರು. ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಶೇ 44.4. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಐದನೇ ಸಮೀಕ್ಷೆಯಲ್ಲಿ ದೇಶದಲ್ಲೇ ಅತಿ ಹೆಚ್ಚು ನಮ್ಮ ರಾಜ್ಯದ್ದಾಗಿತ್ತು. ಗಂಡಸ್ತನದ ಬಗ್ಗೆ ಯಾರೇ ಮಾತಾಡಿದರೂ ಈ ಅಂಕಿಯನ್ನು ದಾಟಿ ಹೋಗಲು ಬಿಡಬಾರದು.

ಇದೇ ಸಮೀಕ್ಷೆಯಲ್ಲಿ ಇನ್ನೊಂದು ಜೋಡಿ ಅಂಕಿ ಇದೆ. ದೇಶದ ಮದುವೆಯಾದ ಹೆಂಗಸರಲ್ಲಿ ಶೇ 37.9ರಷ್ಟು ಮಂದಿ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗಂಡನೇ ಮಾಡಿಸಿಕೊಂಡ ದಂಪತಿ ಶೇ 0.3. ಹೆಂಗಸಿನ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕು ಇಲ್ಲವೇ ತೂತು ಮಾಡಬೇಕು. ಗಂಡಸಿನದಕ್ಕೆ ಈಗ ಬ್ಲೇಡೂ ಬೇಡ, ಹೊಲಿಗೆಯೂ ಬೇಡ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ ಬರಬಹುದು. ಟೆಸ್ಟೋಸ್ಟೆರಾನ್ ಎಂದಿನಂತೆ ಇರುತ್ತದೆ, ಗಂಡ ಹೆಂಡಿರ ಸಂಬಂಧ ಎಂದಿನಂತೆ ಇರುತ್ತದೆ. ಮೂರು ತಿಂಗಳು ಬೇರೆ ಎಚ್ಚರಿಕೆ ತೆಗೆದುಕೊಂಡು ಆಮೇಲೆ ಪರೀಕ್ಷೆ ಮಾಡಿಸಿದರೆ ಸಾಕು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಇದಕ್ಕೆಂದೇ ಪಾಕ್ಷಿಕ ನಡೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳುತ್ತಾರೆ. ಸಿಗುವ ಉತ್ತರ, ಅದೂ ಬಹಳ ಸಲ ಅತ್ತೆಯ ಬಾಯಿಂದ, ‘ಅವ್ನು ಚೀಲ ಹೊರೋನವ್ವಾ, ಶಕ್ತಿ ಹೋದ್ರೆ ಯಾರು ತಂದು ಹಾಕ್ತಾರೆ’. ಶಕ್ತಿ ಹೋಗುತ್ತದೆ ಎಂಬುದು ತಪ್ಪು. ಆದರೆ ಚಿಕಿತ್ಸೆಯಾದ ಮೇಲೆ ಒಂದು ವಾರ ಭಾರದ ಕೆಲಸ ಮಾಡಬಾರದು ಎಂಬುದು ನಿಜ, ಆ ವಾರದ ಕೂಲಿ ಹೋಗುವುದೂ ನಿಜ. ಭಯ ಕಳೆಯುವ ಮಾತಿನ ಜೊತೆಗೆ ಆ ವಾರದ ಲೆಕ್ಕಕ್ಕೂ ಉತ್ತರ ಬೇಕು. ಹೆರಿಗೆಯಾಗಿ ಬಾಣಂತನ ಮುಗಿಯದ ಹೆಂಡತಿಯ ಮೈಗೆ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಅವಳ ದುಡಿಮೆಗೆ ಕೂಲಿಯಿಲ್ಲದ್ದರಿಂದ ಅವಳು ಮಲಗಿದರೆ ನಷ್ಟವಾಯಿತು ಎಂದು ಯಾರಿಗೂ ಅನ್ನಿಸುವುದಿಲ್ಲ.

ಮಾತಾಡಲು ಮನಸ್ಸು ಮಾಡಿದವರಿಗೆ ಈಗ ಜಾಗಗಳಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಶಿಬಿರಗಳಿವೆ. ಜೀವ ಕಳೆದುಕೊಳ್ಳಲು ಪ್ರಯತ್ನಿಸಿ ಬದುಕುಳಿದವನ ಮೇಲೆ ಪೊಲೀಸ್ ಕೇಸಾಗುತ್ತದೆ ಎಂಬ ಹಳೆಯ ಹೆದರಿಕೆಯಿಂದ ಮನೆಯವರು ಇಂದಿಗೂ ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಾರೆ. ಅಂಥವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಅವನಿಗೆ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮನ್ನು ಹಾಗೆಯೇ ಉಳಿಸಿಕೊಂಡಿಲ್ಲ.

ಆದರೆ ಮಂಗಳವಾರದ ಹೊರರೋಗಿ ವಿಭಾಗ ತೆರೆದಿರುವ ಹೊತ್ತೂ ಪ್ರಾಂಗಣದಲ್ಲಿ ಲಾರಿ ನಿಂತಿರುವ ಹೊತ್ತೂ ಒಂದೇ. ಅದಕ್ಕಾಗಿಯೇ ಗಂಡಸರಿಗೆ ‘ಮನಸ್ಸು ಬಿಚ್ಚಿ ಮಾತಾಡಿ’ ಎಂದು ಪೋಸ್ಟರ್ ಅಂಟಿಸುವುದರಲ್ಲೇ ಮುಗಿಸುವವರ ಜೊತೆ ನನ್ನ ಜಗಳ. ಹಮಾಲರ ಜೊತೆ ಚೀಲದ ತೂಕದ ಮಾತು ತೆಗೆದಾಗ ನಾನು ನಿರೀಕ್ಷಿಸದ ಕಡೆಯಿಂದ ವಿರೋಧ ಬಂತು, ಅವರಿಂದಲೇ. ‘ಚೀಲ ಸಣ್ಣದಾದ್ರೆ ನಮಗೇ ಲುಕ್ಸಾನು ಅಣ್ಣ, ನಮಗೆ ಕೂಲಿ ಚೀಲದ ಲೆಕ್ಕ’ ಎಂದರು. ತೂಕ ಅರ್ಧಕ್ಕಿಳಿದಾಗ ಚೀಲದ ದರವನ್ನೂ ದಲಾಲಿ ಅಂಗಡಿಯವರು ಅರ್ಧ ಮಾಡುತ್ತಾರೆ, ಹಲಗೆ ಹತ್ತಿ ಇಳಿಯುವುದು ಮಾತ್ರ ಎರಡರಷ್ಟಾಗುತ್ತದೆ. ಅವರ ಮಾತಿನಲ್ಲಿ ಗಂಡಸ್ತನದ ಸುಳಿವೇ ಇರಲಿಲ್ಲ. ಹಾಗಾದರೆ ಕೇಳಬೇಕಾದದ್ದು ಸ್ಪಷ್ಟವಿದೆ: ಹೊರೆಗೆ 50 ಕೆ.ಜಿ. ಮಿತಿ, ದರ ನಿಗದಿ ಮಾಡುವಾಗ ತೂಕದ ಜೊತೆ ಹಲಗೆ ಹತ್ತುವ ಸಲಗಳೂ ಲೆಕ್ಕಕ್ಕೆ ಬರಬೇಕು, ಮಾರುಕಟ್ಟೆ ಶುಲ್ಕದ ಒಂದು ಪಾಲು ಹಮಾಲರ ಕಾಯಿಲೆಯ ದಿನಗಳ ಕೂಲಿಗೆ ಮೀಸಲಾಗಬೇಕು. ಪ್ರಾಂಗಣದೊಳಗೇ ಸಂಜೆಯ ಹೊತ್ತು ಒಬ್ಬ ವೈದ್ಯರು ಕೂರುವಂತಾಗಬೇಕು, ಲೋಡು ಮುಗಿಸಿ ಕೈಕಾಲು ತೊಳೆದವನು ಭುಜ ತೋರಿಸಿ ಮನೆಗೆ ಹೋಗುವ ಹಾಗೆ.